ಅವ್ವ ನಡೆಯುವ ಸದ್ದು

ಹುಬ್ಬಳ್ಳಿ, ಉಣಕಲ್ ಕೆರೆ ದಂಡೆ
ಅಧಿಕ ಶ್ರಾವಣ, ಕ್ರಿ.ಶ. ೨೧೯೪

ನಮಗಿಂತ ಬಹಳ ಮೊದಲು ಬಾಳಿದವರಿಗೆ ಸುಗಲಾ ಹೆಬಸೂರಳ ನಮಸ್ಕಾರಗಳು.

ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ಕಂಡಿರದ ವಸ್ತುಗಳಿಗೆ ನಾವು ಹೆಸರಿಟ್ಟುಕೊಳ್ಳಬೇಕಾಯಿತು. ನಿಮ್ಮ ಅಪಾರ್ಟ್‌ಮೆಂಟುಗಳಲ್ಲಿ ಮೇಲಿನ ಮನೆಯ ಸದ್ದಿಗಾಗಿ ನೆರೆಯವರು ಮಾತು ಬಿಡುತ್ತಿದ್ದರಂತೆ. ಆ ಜಗಳ ಇನ್ನೂ ಮುಗಿದಿಲ್ಲ. ನಮ್ಮ ವಾಹನಗಳು ಸದ್ದು ಮಾಡುವುದಿಲ್ಲ. ಹಾರ್ನ್ ಎಂದರೇನೆಂದು ನಮ್ಮ ಮಕ್ಕಳಿಗೆ ತಿಳಿಯದು. ಮಧ್ಯಾಹ್ನ ಕೆರೆಯ ಬಾತುಗಳು ರೆಕ್ಕೆ ಬಡಿದರೆ ಮೇಲಿನ ಮಹಡಿಗಳಿಗೂ ಕೇಳುತ್ತದೆ. ಬೀದಿ ಸುಮ್ಮನಾದ ಮೇಲೆ ನೆತ್ತಿಯ ಮೇಲಿನ ಹೆಜ್ಜೆಗಳೇ ದೊಡ್ಡವಾದವು. ಹಾಗೆ ಬಂದದ್ದು 'ಕೇಳುಕೂಟ'. ದೂರು ಯಾರ ಮೇಲಿದೆಯೋ ಅವರು ದೂರು ಕೊಟ್ಟವರ ಮನೆಯಲ್ಲಿ ಸುಮ್ಮನೆ ಕೂತು ಕೇಳಬೇಕು. ಕಟ್ಟಡದವರು ಆರಿಸಿದ ಒಬ್ಬರು ಜೊತೆಗಿರುತ್ತಾರೆ. ನಮ್ಮಲ್ಲಿ ಆ ಕೆಲಸ ನನ್ನದು.

ಹೋದ ವರ್ಷ ಬೇಸಿಗೆಯಲ್ಲಿ ದ್ಯಾಮಕ್ಕ ಗುಳೇದಗುಡ್ಡ ದೂರು ತಂದರು. ಅವರು ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ನರ್ಸ್, ಹಗಲಲ್ಲೇ ಮಲಗಬೇಕು. ಊಟದ ಹೊತ್ತು ಮೀರಿತೆಂದರೆ ಮೇಲೆ ಟಕ್ಕೆಂದು ಏನೋ ಊರಿದ ಸದ್ದು, ಹಿಂದೆಯೇ ನೆಲ ಸವರಿದ ಸದ್ದು. ನಿದ್ದೆಗೆಟ್ಟ ಮಂಪರಿನಲ್ಲಿ ಅವರು ರೋಗಿಯೊಬ್ಬರಿಗೆ ತಪ್ಪು ಔಷಧಿ ಕೊಡುವುದರಲ್ಲಿದ್ದು, ಕಡೇ ಗಳಿಗೆಯಲ್ಲಿ ಕೈ ತಡೆದಿದ್ದರು. ಆಮೇಲೆ ತಾಳ್ಮೆ ಉಳಿಯಲಿಲ್ಲ.

ಮೇಲಿನ ಮನೆಯ ಈರಬಸಪ್ಪ ಶಿಗ್ಗಾಂವಿ ಹಗಲೆಲ್ಲ ಕೆಲಸದ ಮೇಲೆ ಹೊರಗೆ. ಮನೆಯಲ್ಲಿರುವುದು, ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ತಾಯಿ ಗೌರವ್ವ ಮತ್ತು 'ಕೈಯಾಸರೆ', ಅಂದರೆ ಊಟ ನೀರು ಕೊಡುವ ಯಂತ್ರ. ಅದು ಹತ್ತಿಯ ಹಾಗೆ ಸದ್ದಿಲ್ಲದೆ ಓಡಾಡುತ್ತದೆ.

"ಎದ್ದು ಕುಂದ್ರಾಕ ಆಗದಾಕಿ ಸದ್ದು ಹೆಂಗ ಮಾಡ್ತಾಳ್ರೀ? ಇದು ಸುಳ್ಳು ದೂರು," ಎಂದರು ಈರಬಸಪ್ಪ. ಸುಳ್ಳುಗಾರ್ತಿ ಎನ್ನಿಸಿಕೊಂಡ ದ್ಯಾಮಕ್ಕ ಮನೆ ಬಿಡಲು ಸಾಮಾನು ಕಟ್ಟತೊಡಗಿದರು.

ಕೇಳುಕೂಟದ ದಿನ ಈರಬಸಪ್ಪ ತಾಯಿಗೆ ಕೆಲಸಕ್ಕೆ ಹೊರಟೆನೆಂದು ಹೇಳಿ ಬಂದು, ದ್ಯಾಮಕ್ಕನ ಮಂಚದ ಪಕ್ಕ ಕೈಕಟ್ಟಿ ಕೂತರು. ಮೇಲೆ ಟಕ್ ಎಂದಿತು. ಆಮೇಲೆ ಕಾಲೆಳೆದ ಸದ್ದು. ಅದು ಗೋಡೆಯ ತನಕ ಹೋಗಿ ನಿಂತಿತು, ತಿರುಗಿ ಬಂತು. ಈರಬಸಪ್ಪನವರ ಮುಖ ಮೆಲ್ಲಗೆ ಬಣ್ಣಗೆಟ್ಟಿತು.

"ಅವ್ವ ನಡ್ಯಾಕತ್ತಾಳ," ಎಂದರು. "ಆಸ್ಪತ್ರ್ಯಾಗ ಕೊಟ್ಟ ವಾಕರ್ ಹಿಡದಾಳ. ಮತ್ತ ಬಿದ್ದೀ ಅಂತ ನಾನಽ ಆಕೀನ ಏಳಾಕ ಬಿಟ್ಟಿರಲಿಲ್ಲ."

ಮೇಲೆ ಓಡಲು ಎದ್ದವರ ತೋಳನ್ನು ದ್ಯಾಮಕ್ಕ ಹಿಡಿದರು. "ಈಗ ಹೋಗಬ್ಯಾಡ್ರಿ. ಗಾಬರಿಯಾಗಿ ಬಿದ್ದಾರು. ಅವರಾಗೇ ಹೇಳಲಿ."

ಈರಬಸಪ್ಪ ಕಣ್ಣೊರೆಸಿಕೊಂಡು, ಸುಳ್ಳು ಅಂದದ್ದು ತಪ್ಪಾಯಿತೆಂದರು. ಮೇಲೆ ದಪ್ಪನೆಯ ಜಮಖಾನ ಹಾಸುತ್ತೇನೆಂದರು. ವಾಕರಿನ ಕಾಲು ಸಿಕ್ಕಿಕೊಳ್ಳುತ್ತದೆ, ಬೇಡ ಎಂದರು ದ್ಯಾಮಕ್ಕ. ಕೊನೆಗೆ ದ್ಯಾಮಕ್ಕನ ಮಂಚವನ್ನೇ ಅಡುಗೆಮನೆಯ ಪಕ್ಕದ ಕೋಣೆಗೆ ಸಾಗಿಸಿದೆವು. ಭಾರದ ಕಡೆಯನ್ನು ಈರಬಸಪ್ಪನವರೇ ಹೊತ್ತರು. ಕಟ್ಟಿದ ಸಾಮಾನನ್ನು ದ್ಯಾಮಕ್ಕ ಬಿಚ್ಚಿದರು.

ದಸರೆಯ ಹೊತ್ತಿಗೆ ಒಂದು ಸಂಜೆ ದ್ಯಾಮಕ್ಕನ ಬಾಗಿಲು ಬಡಿದ ಸದ್ದಾಯಿತು. ನಾನೂ ಅಲ್ಲೇ ಇದ್ದೆ. ವಾಕರ್ ಹಿಡಿದು ಗೌರವ್ವ ಒಬ್ಬರೇ ನಿಂತಿದ್ದರು.

"ನನ್ನಿಂದ ನಿಮಗ ಭಾಳ ತ್ರಾಸಾಗಿರಬೇಕು ತಂಗಿ," ಎಂದರು. "ನಾ ನಡೀತೀನಂತ ಮಗಗ ಇನ್ನೂ ಹೇಳಿಲ್ಲ. ಮೊದಲ ನಿಮಗ ಹೇಳೂಣಂತ ಬಂದೆ."

ದ್ಯಾಮಕ್ಕ ಏನೂ ತಿಳಿಯದವರಂತೆ ಅವರನ್ನು ಒಳಗೆ ಕರೆದು ಕೂರಿಸಿದರು.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಅಪಾರ್ಟ್‌ಮೆಂಟಿನ ಸಂಘಕ್ಕೆ ದೂರು ಬರೆಯುವ ಮೊದಲು ಮೇಲಿನ ಮನೆಯವರನ್ನು ಕೆಳಗೆ ಕರೆಯಿರಿ. ಚಹಾ ಕೊಟ್ಟು, ಒಂದಿಷ್ಟು ಹೊತ್ತು ಮಾತಿಲ್ಲದೆ ಜೊತೆಗೆ ಕೂತಿರಿ. ತಮ್ಮ ಮನೆಯಲ್ಲಿ ಏನು ನಡೆದಿದೆಯೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ.