ತೊಳೆದಿಟ್ಟ ಯಂತ್ರದ ಹೊಟ್ಟೆ

ಮರದ ಡಿಪೋ ಹಿಂದಿನ ಮನೆ,
ಭಾನುವಾರ, ಮಾರ್ಚ್ ೧೨

ಪ್ರೀತಿಯ ನಮ್ಮನೆಯವರಿಗೆ,

ಬೆನ್ನುನೋವು ಹೇಗಿದೆ? ಇಲ್ಲಿನ ಮೆಕ್ಯಾನಿಕ್ ಕೆಲಸ ಬಿಟ್ಟು ಹೋದಿರಿ, ಆ ಕ್ವಾರಿಯಲ್ಲಾದರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರೋ, ಇಲ್ಲ ಇಂಜಿನ್ ಕೆಳಗೇ ಬಿದ್ದಿರುತ್ತೀರೋ? ಮಗಳು ಚೆನ್ನಾಗಿದ್ದಾಳೆ. ನನಗೆ ಮಾತ್ರ ತುತ್ತು ಬಾಯಿಗಿಟ್ಟರೆ ವಾಕರಿಕೆ. ಎಷ್ಟು ಸೋಪು ಹಾಕಿದರೂ ಕೈಗೆ ಹತ್ತಿದ ಸುಟ್ಟ ಎಣ್ಣೆಯ ನಾತ ಹೋಗುತ್ತಿಲ್ಲ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀರಿ, ಅದಕ್ಕೇ ಪತ್ರ.

ಗಾಬರಿಯಾಗಬೇಡಿ, ಎಲ್ಲರೂ ಬದುಕಿದ್ದೇವೆ. ಗುರುವಾರ ನನ್ನ ತಮ್ಮ ಓಡಿಸುತ್ತಿದ್ದ ಲೋಡರ್‌ಗೆ ಬೆಂಕಿ ಹತ್ತಿಕೊಂಡಿತು. ದಿಮ್ಮಿ ಎತ್ತುವಾಗ ಸೀಟಿನ ಹಿಂದಿನಿಂದ ಹೊಗೆ ಬಂತಂತೆ. ಇಂಜಿನ್ ಆಫ್ ಮಾಡಿ, ಬ್ಯಾಟರಿ ಸ್ವಿಚ್ ತೆಗೆದು, ಕೆಳಗೆ ಹಾರಿ ಬೆಂಕಿ ಆರಿಸುವ ಸಿಲಿಂಡರ್ ಹುಡುಕಿದ. ಅದೆಲ್ಲಿತ್ತು ಗೊತ್ತೇ? ಗಾಳಿಗೆ ಬಡಿದುಕೊಳ್ಳದಿರಲೆಂದು ಮ್ಯಾನೇಜರ್ ರೂಮಿನ ಬಾಗಿಲಿಗೆ ಒತ್ತಿಟ್ಟಿದ್ದರು! ತಂದು ಒತ್ತಿದರೆ ಪುಸ್ ಅಂತು, ಅಷ್ಟೇ. ಕೊನೆಗೆ ಎಲ್ಲರೂ ಸೇರಿ ಮರಳು ಎರಚಿ ಆರಿಸಿದರು. ತಮ್ಮನ ಬಲಗೈ ತುಂಬ ಬೊಬ್ಬೆ ಎದ್ದಿದೆ.

ನಿನ್ನೆ ಆ ಲೋಡರ್ ತೊಳೆಯುವ ಕೆಲಸ ನನ್ನ ತಲೆಗೇ ಬಂತು. ನಮ್ಮ ಡಿಪೋ ಪದ್ಧತಿ ನಿಮಗೆ ಗೊತ್ತಲ್ಲ, ಧಣಿ ಬರುವ ಮುಂಚೆ ಮೈಗೆಲ್ಲ ನೀರು ಹೊಡೆದು, ಒಣ ಬಟ್ಟೆಯಲ್ಲಿ ಉಜ್ಜಿ ಮಿಂಚಿಸಬೇಕು; ಹೊಟ್ಟೆಯ ತಗಡು ಮಾತ್ರ ಬಿಚ್ಚಕೂಡದು, ಹೊತ್ತು ಹಾಳು. ಮೇಲೆ ಥಳುಕು, ಒಳಗೆ ಹುಳುಕು. ನಿನ್ನೆ ಹಟ ಹಿಡಿದು ಬಿಚ್ಚಿಸಿದೆ. ಥೂ! ಎಣ್ಣೆ ಕುಡಿದು ಕಪ್ಪಗೆ ಮುದ್ದೆಯಾದ ಮರದ ಪುಡಿ, ತೊಗಟೆ, ಇಲಿಯ ಗೂಡು, ಗೂಡಿನಲ್ಲೇ ಬೆಂದ ಇಲಿ. ಬುಟ್ಟಿಗಟ್ಟಲೆ ಬಾಚಿದೆ. ಒಲೆಗೆ ಸೌದೆ ಒಟ್ಟಿದ ಹಾಗೆ ಒಟ್ಟಿಕೊಂಡು, ಅದರ ಮೇಲೆ ಕಾದ ಸೈಲೆನ್ಸರ್ ಇಟ್ಟುಕೊಂಡು ಇಷ್ಟು ದಿನ ಓಡಿಸಿದ್ದಾರಲ್ಲ, ಇವರಿಗೆಲ್ಲ ಏನನ್ನಬೇಕು?

ಮ್ಯಾನೇಜರ್ ಮೂಗಿಗೆ ಕರ್ಚೀಫು ಹಿಡಿದು ದೂರ ನಿಂತು ಹೇಳಿದ್ದೇನು? "ನಿನ್ನ ತಮ್ಮ ಸಿಗರೇಟ್ ಸೇದಿರ್ತಾನೆ ಬಿಡಮ್ಮ. ಮುಂದಿನ ಶನಿವಾರ ಧಣಿ ಬರ್ತಾರೆ, ಹೇಳಿ ಅವನನ್ನ ತೆಗೆಸ್ತೀನಿ." ಸಿಗರೇಟ್ ಹೊಗೆ ಮೂಗಿಗೆ ಬಡಿದರೆ ಬಸ್ಸಿನಿಂದಲೇ ಇಳಿದುಬಿಡುವವನು ನನ್ನ ತಮ್ಮ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಮ್ಮನೋ ಗೋಡೆ ನೋಡುತ್ತ ಕೂತಿದ್ದಾನೆ. "ಬೆಂಕಿ ಹಚ್ಚಿದೋನು ಅಂತ ಹೆಸರು ಬಂದ್ಮೇಲೆ ನಂಗೆ ಯಾರಕ್ಕಾ ಗಾಡಿ ಕೊಡ್ತಾರೆ?" ಅನ್ನುತ್ತಾನೆ. ನನಗೆ ಸಿಟ್ಟಿಗಿಂತ ಹೇಸಿಗೆಯೇ ಹೆಚ್ಚಾಗಿದೆ.

ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ಮಗಳು ಅಪ್ಪನಿಗೆ ಮುತ್ತು ಕಳಿಸಿದ್ದಾಳೆ.

ಇಂತಿ,
ಇನ್ನೂ ನಿಮ್ಮವಳೇ

ಮತ್ತೊಂದು: ಪತ್ರ ಒಯ್ಯುವ ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಬೆಂಕಿ ಎಲ್ಲಿಂದ ಹೊತ್ತಿತೆಂದು ಬರೆಯಲೇ ಇಲ್ಲ. ಸೈಲೆನ್ಸರ್ ಪಕ್ಕದ ಎಣ್ಣೆ ಪೈಪು ಸೋರುತ್ತಿತ್ತು. ಹೊಸದು ಹಾಕುವ ಬದಲು ಅದಕ್ಕೆ ಬಟ್ಟೆ ಸುತ್ತಿ ತಂತಿ ಬಿಗಿದಿದ್ದರು. ತಂತಿಯಡಿ ಸುಡದೆ ಉಳಿದ ತುಂಡು ಸಿಕ್ಕಿತು. ನೀಲಿ ಚೌಕಳಿ ತೋಳು, ಅದರಲ್ಲಿ ಕಪ್ಪು ದಾರದಿಂದ ನಾನೇ ಹೊಲಿದ ಬಿಳಿ ಗುಂಡಿ. ರೀ, ಅದು ನಿಮ್ಮ ಅಂಗಿ. ಶನಿವಾರದೊಳಗೆ ನೀವೇ ಧಣಿಗೆ ಫೋನ್ ಮಾಡಿ ಹೇಳಿ. ಇಲ್ಲದಿದ್ದರೆ ಆ ತೋಳು ಹಿಡಿದುಕೊಂಡು ನಾನೇ ಅವರ ಮುಂದೆ ನಿಲ್ಲುತ್ತೇನೆ.