ಕಲ್ಬೇಣದ ದಕ್ಕೆಗೆ ಕಾಲು ಊರುವ ಜಾಗ

ಬಸಳೆಕುರ್ವೆ
ನೀರೇರಿದ ನೂರಾ ಅರವತ್ತೆರಡನೇ ವರ್ಷ, ವೈಶಾಖದ ಮೂವತ್ತನಾಲ್ಕು

ಹಿಂದಿನವರಿಗೆ,

ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಬಿಟ್ಟದ್ದಕ್ಕೆ ಇಷ್ಟು ವರ್ಷದಲ್ಲಿ ಒಂದು ದಿನವೂ ಬೇಸರಪಟ್ಟಿರಲಿಲ್ಲ, ಈಗ ಪಡುತ್ತಿದ್ದೇನೆ. ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಕೂತು ಕೂತು ಕತ್ತು ಹಿಡಿದಿದೆ. ಲವೀನಾ ಎಂಬ ಇಂಜಿನಿಯರ್ ಹುಡುಗಿ ನಮ್ಮ ದಕ್ಕೆ, ಅಂದರೆ ದೋಣಿ ತಂಗುವ ಕಟ್ಟೆ, ಅದರ ರಿಪೇರಿಗೆ ಬಂದವಳು. ಅವಳೇ ಈ ಕೆಲಸ ನನ್ನ ತಲೆಗೆ ಕಟ್ಟಿದ್ದು. ಹಿಂದಂಚೆಗೆ ಕೈಬರಹವೇ ಆಗಬೇಕಂತೆ, ಅದೂ ಊರಿನ ಹಿರಿಯರದ್ದೇ ಆಗಬೇಕಂತೆ. ಹಿರಿಯ ಅಂದರೆ ಏನು, ಇನ್ನೂ ಸಾಯದೆ ಉಳಿದವನು, ಅಷ್ಟೇ ತಾನೆ. ಹಾಗೆ ನೋಡಿದರೆ ಈ ಕುರ್ವೆಯಲ್ಲಿ ಜಟ್ಟಪ್ಪ ಅಂಬಿಗ ಎಂಬ ನಾನೇ ಹಿರಿಯ.

ಹಿಂದಂಚೆ ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಹೇಗೆ ಹೋಗುತ್ತದೆ ಎಂದು ಕೇಳಬೇಡಿ, ನನಗೆ ಗೊತ್ತಿಲ್ಲ. ಲವೀನಾ ಒಮ್ಮೆ ವಿವರಿಸಲು ಹೊರಟಳು, ನಾನು ಎದ್ದು ಬಲೆ ಒಣಗಿಸಲು ಹೋದೆ. ಒಂದು ಊರಿಗೆ ಒಂದೇ ಸಲ ಕಳಿಸಲು ಬಿಡುತ್ತಾರೆ ಎಂಬುದು ಮಾತ್ರ ತಿಳಿಯಿತು. ನಮ್ಮ ಊರಿನ ಆ ಒಂದು ಸಲ ಇದು. ಮೊದಲಿಗೆ ಕ್ಷಮೆ ಕೇಳಬೇಕು ಎಂಬ ರಿವಾಜು ಇದೆಯಂತೆ. ನಮ್ಮ ಕೆಲವು ಮಾತುಗಳು ನಿಮಗೆ ಹೊಸದಾಗಿ, ವಿಚಿತ್ರವಾಗಿ ಕಂಡಾವು, ಮನ್ನಿಸಿ. ಕೇಳಿದ್ದಾಯಿತು. ತಾರೀಕು ನೋಡಿ ತಪ್ಪು ಬರೆದಿದ್ದಾನೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಮಳೆ ಬೀಳುವ ತನಕ ವೈಶಾಖ ಮುಗಿಯುವುದಿಲ್ಲ. ನಿಮ್ಮ ಕಾಲದಲ್ಲಿ ತಿಂಗಳು ತಾನಾಗಿ ಮುಗಿಯುತ್ತಿತ್ತಂತೆ, ಮಳೆಯೂ ಹೇಳಿದ ದಿನಕ್ಕೆ ಬರುತ್ತಿತ್ತಂತೆ. ಇದ್ದಿರಬಹುದು. ನಮ್ಮಲ್ಲಿ ಒಂದು ವರ್ಷ ವೈಶಾಖ ಎಪ್ಪತ್ತರ ತನಕ ಎಳೆದದ್ದುಂಟು. ಈ ವರ್ಷ ಅಷ್ಟು ಎಳೆಯುವುದಿಲ್ಲ. ಮೊನ್ನೆಯಿಂದ ಪಡುವಲಲ್ಲಿ ಕಡಲು ಕೂಗುವುದು ಕೇಳಿಸುತ್ತಿದೆ.

ನಾವಿರುವುದು ಕುರ್ವೆಯಲ್ಲಿ, ಹೊಳೆಯ ನಡುವಿನ ತಗ್ಗು ನೆಲ. ಮನೆಗಳೆಲ್ಲ ಮರಗಾಲಿನ ಮೇಲೆ. ಭರತಿ ಬಂದಾಗ ನೀರು ಅಡಿಯಲ್ಲಿ ಹಾದು ಹೋಗುತ್ತದೆ, ಇಳಿತಕ್ಕೆ ಕೆಸರು ಬಿಟ್ಟು ಹೋಗುತ್ತದೆ. ಆ ಕೆಸರಿನಲ್ಲಿ ಹೆಂಗಸರು ಬಳಚು ಚಿಪ್ಪುಮೀನು ಆರಿಸುತ್ತಾರೆ. ಗದ್ದೆಯಲ್ಲಿ ಕಗ್ಗ ಬೆಳೆಯುತ್ತೇವೆ, ಉಪ್ಪುನೀರು ಕುಡಿದೂ ಬದುಕುವ ಭತ್ತ ಅದೊಂದೇ. ಎದುರು ದಡದಲ್ಲಿ ಕಲ್ಬೇಣ. ಅದು ಗುಡ್ಡ, ಒಣನೆಲ. ಸಿಹಿನೀರಿನ ಬಾವಿ, ಆಸ್ಪತ್ರೆ, ಶಾಲೆ, ಸುಡುಗಾಡು, ಕಬರಸ್ತಾನ ಎಲ್ಲವೂ ಅಲ್ಲೇ. ಬದುಕಲಿಕ್ಕೂ ನಾವು ಹೊಳೆ ದಾಟಬೇಕು, ಸತ್ತ ಮೇಲೂ ದಾಟಬೇಕು. ಕಲ್ಬೇಣದಲ್ಲೇ ಹೋಗಿ ಇದ್ದುಬಿಡಬಾರದೇ ಎಂದು ನೀವು ಕೇಳಬಹುದು. ಅಲ್ಲಿ ಕಾಲಿಡಲು ಜಾಗವಿಲ್ಲ. ಹೊರಗಿನವರು ಒಂದು ರಾತ್ರಿ ಮಲಗಬೇಕಾದರೆ ಇರುಳುಚೀಟಿ ಬೇಕು, ಅಂದರೆ ಗುಡ್ಡದ ಪಂಚಾಯತಿ ಕೊಡುವ ಪರವಾನಗಿ. ಮಳೆಗಾಲದಲ್ಲಿ ಅದನ್ನು ಯಾರಿಗೂ ಕೊಡುವುದಿಲ್ಲ. ಕೊಟ್ಟರೆ ಎಲ್ಲರೂ ಬಂದು ಕೂರುತ್ತಾರೆ ಎಂಬ ಹೆದರಿಕೆ. ಹೆದರಿಕೆ ಸುಳ್ಳೇನಲ್ಲ, ಚೀಟಿ ಸಿಕ್ಕರೆ ನಾನೂ ಹೋಗಿ ಕೂರುತ್ತಿದ್ದೆ.

ಹಾಗಾಗಿ ನಮಗೆ ತಾರಿಯೇ ಎಲ್ಲ. ತಾರಿ ಅಂದರೆ ಹೊಳೆ ದಾಟಿಸುವುದು, ಈ ಮಾತು ನಿಮ್ಮಲ್ಲೂ ಇತ್ತಂತೆ. ಮೊದಲು ಮರದ ಜೋಡಿದೋಣಿ ಇತ್ತು. ಹೋದ ವರ್ಷ ನೀರುಕಚೇರಿಯವರು ಕಬ್ಬಿಣದ ಬಾರ್ಜು ಕೊಟ್ಟರು. ಗಾಡಿ, ಎತ್ತು, ನೀರಿನ ಟಾಕಿ ಎಲ್ಲ ಹೊರುತ್ತದೆ. ಒಂದೇ ಐಬು, ಅದರ ಮೂತಿಯ ಹಲಗೆ ಗೋಡೆಯಷ್ಟು ಎತ್ತರ. ಚುಕ್ಕಾಣಿ ಹಿಡಿದ ತಾಂಡೇಲನಿಗೆ ಎದುರಿನ ದಕ್ಕೆ ಕಾಣುವುದಿಲ್ಲ. ಅದಕ್ಕಾಗಿ ಕಲ್ಬೇಣದ ದಕ್ಕೆಯ ಮೇಲೆ ಮಂಜಿ ಎಂಬ ಹೆಂಗಸನ್ನು ನಿಲ್ಲಿಸಿದ್ದೇವೆ. ಇನ್ನು ಎಷ್ಟು ಮಾರು ದೂರ ಇದೆ ಎಂದು ಅವಳು ಕೂಗುತ್ತಾಳೆ, ತಾಂಡೇಲ ಮೀರಾಸಾಬ ಅದನ್ನು ಕೇಳಿ ಎಂಜಿನ್ ಇಳಿಸುತ್ತಾನೆ. ಮಂಜಿಯ ಗಂಟಲು ಎಂಥದು ಅಂದರೆ ಅವಳು ಅಲ್ಲಿಂದ ಗಂಡನಿಗೆ ಬೈದರೆ ಕುರ್ವೆಯಲ್ಲಿ ನಾವು ಸುಮ್ಮನಾಗುತ್ತೇವೆ.

ಅಪಘಾತ ಆದದ್ದು ಮೂಕತಾರಿಯ ದಿನ. ಹೆಣ ಒಯ್ಯುವ ತಾರಿಗೆ ನಾವು ಮೂಕತಾರಿ ಎನ್ನುತ್ತೇವೆ. ನಡುಹೊಳೆ ದಾಟಿದ ಮೇಲೆ ಬಾರ್ಜು ದಡ ಮುಟ್ಟುವ ತನಕ ಯಾರೂ ಬಾಯಿ ತೆರೆಯಬಾರದು, ದೋಣಿಯಲ್ಲಿದ್ದವರೂ, ದಡದಲ್ಲಿದ್ದವರೂ. ತೆರೆದರೆ ಸತ್ತವನು ತನ್ನನ್ನೇ ಕರೆದರು ಎಂದು ತಿರುಗಿ ಮನೆಗೆ ಬರುತ್ತಾನೆ. ಕಡಲು ಉಕ್ಕಿ ನೀರೇರಿದ ಹೊಸತರಲ್ಲಿ ದಿನಕ್ಕೆ ಎಷ್ಟೋ ಹೆಣ ದಾಟಿಸುವಾಗ ಹುಟ್ಟಿದ ಪದ್ಧತಿ ಇದು. ಅತ್ತು ಅತ್ತು ಸಾಕಾದವರು ಮಾಡಿಕೊಂಡದ್ದಿರಬೇಕು. ಮರದ ದೋಣಿ ಇದ್ದಾಗ ಏನೂ ತೊಂದರೆ ಇರಲಿಲ್ಲ, ಕೊನೆಗೆ ಒಂದು ಗಳ ಊರಿ ನಿಲ್ಲಿಸುತ್ತಿದ್ದೆವು. ಬಾರ್ಜು ಬಂದಾಗ ಹೊಸ ಹಗ್ಗ ತಂದೆವು, ಹೊಸ ಗಂಟು ಕಲಿತೆವು. ಈ ಪದ್ಧತಿಯ ಬಗ್ಗೆ ಯಾರಿಗೂ ಯೋಚನೆಯೇ ಬರಲಿಲ್ಲ. ಒಂದೆರಡು ಹೆಣ ಮೀರಾಸಾಬನ ಅಂದಾಜಿನ ಮೇಲೆ ಸುಸೂತ್ರ ದಾಟಿದವು.

ಆ ದಿನ ನಮ್ಮೂರ ಗೋಯ್ದನ ಹೆಣ. ತಾರಿ ತಡವಾಯಿತೆಂದು ಜನ್ಮವಿಡೀ ಬೈದವನು ಅವನು. ಅಮಾಸೆಯ ಭರತಿ, ನೀರು ಹಿಂದಿನಿಂದ ದೂಡುತ್ತಿತ್ತು. ನಾನು ಬಾರ್ಜಿನ ಮೇಲೇ ಇದ್ದೆ. ಮಂಜಿಗೆ ದಡದಿಂದ ಎಲ್ಲ ಕಾಣುತ್ತಿತ್ತು. ಕೈ ಬೀಸಿದಳಂತೆ, ಮೂತಿಯ ಹಲಗೆಯ ಹಿಂದಿದ್ದ ನಮಗೆ ಕಂಡರೆ ತಾನೆ? ಕೂಗಲು ಬಾಯಿ ತೆರೆದು, ಸೆರಗು ತುರುಕಿಕೊಂಡು ಹಿಂದಕ್ಕೆ ಓಡಿದಳಂತೆ. ಬಾರ್ಜು ಹೋಗಿ ದಕ್ಕೆಗೆ ಗುದ್ದಿತು. ಮುಂದಿನ ಕಾಲುಗಳು ಮುರಿದು, ಹಾಸು ಕುಸಿದು ಹೊಳೆಗೆ ಬಿತ್ತು. ನಾವೆಲ್ಲ ಒಬ್ಬರ ಮೇಲೊಬ್ಬರು. ಗೋಯ್ದ ಮಾತ್ರ ಚಟ್ಟ ಸಮೇತ ಜಾರಿ, ಮೂತಿಯ ಹಲಗೆ ಬಿಚ್ಚಿಕೊಂಡ ಜಾಗದಿಂದ ನೇರ ದಡಕ್ಕೆ ಹೋಗಿ ಕೂತ. ಎಲ್ಲರಿಗಿಂತ ಮೊದಲು ಇಳಿದದ್ದು ಅವನೇ. ಯಾರೂ ಸಾಯಲಿಲ್ಲ. ಅಷ್ಟಾದರೂ, ಬಾರ್ಜು ದಡ ಮುಟ್ಟಿತೋ ಇಲ್ಲವೋ ಎಂಬ ಅನುಮಾನದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೊದಲು ಬಾಯಿ ಬಿಟ್ಟವನು ಮೀರಾಸಾಬ.

"ಒಂದ್ ಕೂಗು ಹಾಕಿದ್ರೆ ನಿನ್ನ ಎಂತ ಗಂಟು ಹೋಗ್ತಿತ್ತೇ, ಮಂಜಿ?"

"ಹೆಣ ಎದ್ರಿಗಿಟ್ಕಂಡು ಕೂಗೂದಾ? ನಿಂಗೆ ಕಣ್ಣು ಕೊಟ್ಟದ್ದು ಎಂತಕ್ಕೆ, ಸಾಬಾ, ಮೀನು ಆರಿಸೂಕಾ?"

ಈ ಜಗಳ ಇನ್ನೂ ಮುಗಿದಿಲ್ಲ. ಊರು ಕೂಡಿ ಕೂತಾಗ ಅರ್ಧ ಜನ ಮಂಜಿ ಮಾಡಿದ್ದೇ ಸರಿ ಎಂದರು. ಇನ್ನು ಮುಂದೆ ಕೂಗುವ ಬದಲು ಗಂಟೆ ಬಾರಿಸೋಣ ಎಂದು ಲವೀನಾ ಹೇಳಿದಳು. "ಬ್ಯಾಡ ಮಾರಾಯ್ತಿ, ಗಂಟೆ ಕೇಳಿದ್ರೆ ಸತ್ತಂವ ಊಟಕ್ಕೆ ಕರದ್ರು ಅಂದ್ಕಂಡು ಬತ್ತ" ಎಂದ ಮೀರಾಸಾಬ. ಕಡೆಗೆ ಉದ್ದದ ಗಳದ ತುದಿಗೆ ಕೆಂಪು ಬಟ್ಟೆ ಕಟ್ಟಿ ಎತ್ತಿ ತೋರಿಸುವುದು ಎಂದು ನಾನು ತೀರ್ಮಾನ ಹೇಳಿದೆ. ಅದನ್ನು ಮೊದಲೇ ಹೇಳಬಹುದಿತ್ತು ಎಂದು ನಿಮಗೆ ಅನಿಸಿದರೆ, ನಮಗೂ ಅನಿಸಿದೆ, ಸುಮ್ಮನಿರಿ.

ಬಾರ್ಜು ರಿಪೇರಿಯಾಗಿ ಕುರ್ವೆಯ ಬದಿಯಲ್ಲಿ ನಿಂತಿದೆ. ತೊಂದರೆ ಇರುವುದು ದಕ್ಕೆಯದು. ಎರಡು ಕಾಲು ಗಟ್ಟಿಯಾಗಿ ಊರಿದರೆ ಬಾರ್ಜಿನ ಹಲಗೆ ಇಳಿಸಲು ಸಾಕು, ತಾರಿ ಶುರು ಮಾಡಬಹುದು ಎನ್ನುತ್ತಾಳೆ ಲವೀನಾ. ನಾಲ್ಕು ಕಾಲು ತಂದಿದ್ದಳು, ಕಬ್ಬಿಣದವು. ಹಳೆಯ ಕಾಲುಗಳ ಮುರಿದ ಬುಡ ಅಡಿಯಲ್ಲೇ ಉಳಿದದ್ದರಿಂದ ಪಕ್ಕದಲ್ಲಿ ಮೊದಲನೆಯದನ್ನು ಹೊಡೆದೆವು. ಕೆಸರಿನಲ್ಲಿ ಎರಡಾಳು ಇಳಿದು ಏನಕ್ಕೋ ಬಡಿದು ಸೊಟ್ಟಗಾಯಿತು. ಜಾಗ ಬದಲಿಸಿ ಎರಡನೆಯದನ್ನು ಹೊಡೆದೆವು, ಅದೂ ಹಾಗೇ. ಕೆಸರಿನ ಒಳಗೆ ನೋಡುವ ಒಂದು ಯಂತ್ರ ಅವಳ ಹತ್ತಿರ ಇದೆ. ಅದರಲ್ಲಿ ನೋಡಿ, ಅಡಿಯಲ್ಲೆಲ್ಲ ಕಾಂಕ್ರೀಟು, ಒಂದರ ಮೇಲೊಂದು ಎಂದಳು. ನಿಮ್ಮದು. ನೀವು ಇಲ್ಲಿ ದಕ್ಕೆ ಕಟ್ಟಿದಿರಿ, ಅದು ಹಾಳಾದ ಮೇಲೆ ಕೆಡವಿ ಹೊಳೆಗೇ ನೂಕಿದಿರಿ, ಅದರ ಪಕ್ಕ ಇನ್ನೊಂದು ಕಟ್ಟಿದಿರಿ, ಅದನ್ನೂ ನೂಕಿದಿರಿ. ಹೊಳೆ ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತದೆ ಎಂದುಕೊಂಡಿರೋ ಏನೋ. ಹೋಗಲಿಲ್ಲ. ಇಲ್ಲೇ ಇದೆ. ನೂಕುವಾಗ ನಿಮ್ಮಲ್ಲಿ ಒಬ್ಬನಾದರೂ ಬೇಡ ಎಂದಿದ್ದನೇ? ಎಂದಿದ್ದರೆ ಅವನಿಗೆ ನನ್ನದೊಂದು ನಮಸ್ಕಾರ ಹೇಳಿ.

ಬೇರೆ ಕಡೆ ದಕ್ಕೆ ಮಾಡಲು ಆಗುವುದಿಲ್ಲ. ಆಚೆ ಈಚೆ ಬಂಡೆ, ಮರಳದಿಬ್ಬ. ಬಾರ್ಜಿಗೆ ಬೇಕಾದ ಆಳ ಇಲ್ಲೊಂದೇ ಇರುವುದು. ಮಳೆ ಮುಗಿದ ಮೇಲೆ ತೇಲುವ ದಕ್ಕೆ ಕೊಡುತ್ತೇವೆ ಎಂದು ನೀರುಕಚೇರಿಯವರು ಹೇಳಿದ್ದಾರೆ. ಮಳೆ ಮುಗಿದ ಮೇಲೆ.

ನನಗೆ ಶೇಷಿ ಎಂಬ ತಂಗಿ ಇದ್ದಾಳೆ. ಮೂತ್ರಪಿಂಡ ಕೈಕೊಟ್ಟಿದೆ. ವಾರಕ್ಕೆ ಎರಡು ಸಲ ಕಲ್ಬೇಣದ ಆಸ್ಪತ್ರೆಯಲ್ಲಿ ರಕ್ತ ತೊಳೆಸಬೇಕು. ಬಾರ್ಜು ಇದ್ದಾಗ ಕುರ್ಚಿಯ ಮೇಲೆ ಕೂತು ಹೋಗಿ ಬರುತ್ತಿದ್ದಳು. ಈಗ ಸಣ್ಣ ದೋಣಿಯಲ್ಲಿ ಮಲಗಿಸಿ ಒಯ್ಯುತ್ತೇವೆ, ಆ ದಡದಲ್ಲಿ ನಾಲ್ಕು ಜನ ಕೆಸರಿಗಿಳಿದು ಎತ್ತಿಕೊಳ್ಳುತ್ತಾರೆ. ಮಳೆ ಹಿಡಿದ ದಿನ ಸಣ್ಣ ದೋಣಿಗಳನ್ನು ಮೇಲೆಳೆದು ಕವುಚಿ ಹಾಕಬೇಕು. ಆ ನೀರಿನಲ್ಲಿ ಅವು ಬದುಕುವುದಿಲ್ಲ, ಬಾರ್ಜು ಮಾತ್ರ ನಿಲ್ಲುತ್ತದೆ. ಅವಳಿಗೆ ಇರುಳುಚೀಟಿ ಕೊಡಿ ಎಂದು ಗುಡ್ಡದ ಪಂಚಾಯತಿಗೆ ಹೋಗಿದ್ದೆ. ಕೊಡಲಿಲ್ಲ. ಮತ್ತೆ ಹೋದೆ, ಬೈದೆ, ಅವರೂ ಬೈದರು. ಒಬ್ಬರಿಗೆ ಕೊಟ್ಟರೆ ನಾಳೆ ಎಲ್ಲರ ಮನೆಯಲ್ಲೂ ರೋಗಿಗಳು ಹುಟ್ಟುತ್ತಾರೆ ಎಂದರು. ಡಾಕ್ಟರನ್ನು ಕೇಳಿದೆ. ತೊಳೆಸದೆ ಹತ್ತು ದಿನ, ಹೆಚ್ಚೆಂದರೆ ಹದಿನೈದು ದಿನ ಎಂದ. ನಮ್ಮ ಮಳೆಗಾಲ ನಾಲ್ಕು ತಿಂಗಳು.

ಶೇಷಿಗೆ ಇದೆಲ್ಲ ಗೊತ್ತು. ಅವಳಿಗೆ ಹೆದರಿಕೆ ಇದೆಯೋ ಇಲ್ಲವೋ ನನಗೆ ತಿಳಿಯದು. ದೋಣಿಯಲ್ಲಿ ಮಲಗಿದಲ್ಲಿಂದಲೇ ದಾರಿಯುದ್ದಕ್ಕೂ ಮಾತಾಡುತ್ತಾಳೆ. ಹುಟ್ಟು ಹಾಕುವವರ ಸಂಸಾರ, ಮಂಜಿಯ ಗಂಡ, ಯಾರ ಮನೆಯಲ್ಲಿ ಸಿಗಡಿ ಚಟ್ನಿಗೆ ಹುಳಿ ಹೆಚ್ಚಾಯಿತು, ಏನೂ ಬಿಡುವುದಿಲ್ಲ. ಸ್ವಲ್ಪ ಸುಮ್ಮನಿರೇ, ದಣಿಯುತ್ತೀ ಎಂದು ಮೊನ್ನೆ ಗದರಿದೆ. "ಬಾಯ್ ಮುಚ್ಕಂಡ್ ದಾಟೂದು ಹೆಂಗೂ ಒಂದಿನ ಇದ್ದದ್ದೇ ಅಲ್ದಾ ಅಣ್ಣ" ಎಂದಳು. ನಾನು ಮುಖ ಆಚೆ ತಿರುಗಿಸಿ ಹುಟ್ಟು ಹಾಕಿದೆ.

ಇಷ್ಟು ಹೇಳಿದ್ದು ನಿಮ್ಮ ಕಣ್ಣೀರಿಗಲ್ಲ. ಕಣ್ಣೀರು ಉಪ್ಪುನೀರು, ಅದು ನಮ್ಮಲ್ಲಿ ಬೇಕಾದಷ್ಟಿದೆ. ನನಗೆ ಬೇಕಾದದ್ದು ಒಂದೇ ವಿಷಯ. ಉಳಿದಿರುವುದು ಎರಡೇ ಕಾಲು. ಅವು ಸೊಟ್ಟಗಾದರೆ ಮಳೆಗೆ ಮುಂಚೆ ಬೇರೆ ಬರುವುದಿಲ್ಲ. ನೀವು ಯಾವ ಕಡೆ ನೂಕಿದಿರಿ, ಯಾವ ಕಡೆ ಬರೀ ಕೆಸರು ಬಿಟ್ಟಿರಿ, ಅದನ್ನು ಹೇಳಿ. ಇನ್ನೂ ನೂಕದವರಾದರೆ ಒಂದು ಕಡೆ ಖಾಲಿ ಬಿಟ್ಟು, ಬಿಟ್ಟದ್ದೆಲ್ಲಿ ಎಂದು ಹೇಳಿ. ಕಲ್ಬೇಣದ ಬುಡದಲ್ಲಿ ಆನೆಬಂಡೆ ಇದೆ. ನಿಮ್ಮ ಕಾಲದಲ್ಲಿ ಅದು ಪೂರಾ ದಡದ ಮೇಲಿದ್ದಿರಬೇಕು, ನಮ್ಮ ಭರತಿಗೆ ಅದರ ಹೊಟ್ಟೆ ನೆನೆಯುತ್ತದೆ. ಆ ಬಂಡೆಯಿಂದ ಹೊಳೆಯ ಕಡೆಗೆ ಎಷ್ಟು ಮಾರು, ತೆಂಕಕ್ಕೋ ಬಡಗಕ್ಕೋ ಎಷ್ಟು ಮಾರು, ಅಷ್ಟು ಸಾಕು. ನಿಮ್ಮ ಮೀಟರು ಬೇಡ. ಮಾರು ಅಂದರೆ ಎರಡು ಕೈ ಚಾಚಿದಷ್ಟು, ನಿಮ್ಮ ಕೈಯೂ ನಮ್ಮ ಕೈಯೂ ಒಂದೇ ಉದ್ದ ಇದ್ದೀತು.

ಉತ್ತರವನ್ನು ಕಾಗದದಲ್ಲಿ ಬರೆಯಬೇಡಿ, ಗೆದ್ದಲು ತಿಂದು ಹಾಕುತ್ತದೆ. ಚಿರೆಕಲ್ಲು ಬೇಡ, ಕರಗುತ್ತದೆ. ಕರಿಕಲ್ಲಿನ ಮೇಲೆ ಆಳವಾಗಿ ಕೆತ್ತಿಸಿ, ಆನೆಬಂಡೆಯಿಂದ ಗುಡ್ಡದ ಕಡೆಗೆ ಆರು ಮಾರು ಮೇಲೆ, ಸೊಂಟದಾಳದಲ್ಲಿ ಹೂಳಿ. ನೀವು ಉತ್ತರ ಕೊಟ್ಟಿದ್ದರೆ ಕಲ್ಲು ಈಗಲೇ ಅಲ್ಲಿರಬೇಕಲ್ಲ, ಅಗೆದು ನೋಡಿದರಾಯಿತು, ಈ ಬರೆಯುವ ಕಷ್ಟ ಏಕೆ ಎಂದು ಲವೀನಾಳನ್ನು ಕೇಳಿದೆ. ಕೇಳದವರಿಗೆ ಉತ್ತರ ಇರುವುದಿಲ್ಲ, ಕಾಗದ ಹೋದ ಮೇಲೇ ಅಗೆಯಬೇಕು, ಅದಕ್ಕೆ ಮುಂಚೆ ಅಗೆದರೆ ಬರೀ ಮಣ್ಣು ಎಂದಳು. ನನಗೆ ಅರ್ಥವಾಗಲಿಲ್ಲ. ಅವಳಿಗೂ ಪೂರ್ತಿ ಆದಂತೆ ಕಾಣಲಿಲ್ಲ. ಆದರೂ ಯಾರೂ ಮುಟ್ಟದ ಹಾಗೆ ಮಂಜಿ ಆ ಜಾಗಕ್ಕೆ ಬೇಲಿ ಕಟ್ಟಿ ಕಾಯುತ್ತಿದ್ದಾಳೆ.

ನಿಮ್ಮಲ್ಲಿ ಸಮಯ ಬೇಕಾದಷ್ಟಿದೆ, ನೂರಾರು ವರ್ಷ ಇದೆ. ಅದಕ್ಕೇ ನನಗೆ ಹೆದರಿಕೆ. ಸಮಯ ಇದ್ದವರು ನಾಳೆ ಮಾಡೋಣ ಎನ್ನುತ್ತಾರೆ. ಓದಿ ಮುಗಿಸಿದ ಕೂಡಲೇ ಕಲ್ಲುಕುಟಿಗನನ್ನು ಕರೆಸಿ.

ವೈಶಾಖದ ನಲವತ್ತಕ್ಕೆ ಬೆಳಗಿನ ಇಳಿತದಲ್ಲಿ ಅಗೆಯುತ್ತೇವೆ. ಕಲ್ಲು ಅಲ್ಲಿರಬೇಕು.

ಜಟ್ಟಪ್ಪ ಅಂಬಿಗ