ಪಿಕಪ್ಪಿನಲ್ಲಿ ಕೂತ ಎಜೆಲ್ ಮಾವ

ಮಾರ್ಚ್ 9, ಶನಿವಾರ
ಪಾರ್ಲರಿನಲ್ಲಿ ಬೆಳಗ್ಗೆಯಿಂದ ಏಳು ತಲೆ ಬಾಚಿದ್ದಾಯಿತು. ಬೆನ್ನು ಬಿದ್ದುಹೋಗಿದೆ. ಕೂದಲೊಣಗಿಸುವ ಡ್ರೈಯರ್ ಕೆಳಗೆ ಕೂತ ಮಿಸ್ ಐಸೋಲಾ (ಗಂಡ ಇದ್ದರೂ ಊರಿಗೆಲ್ಲ ಅವರು ಮಿಸ್ಸೇ) ಮತ್ತೆ ಅದೇ ರಾಗ ತೆಗೆದರು.
"ವರ್ನೆಲ್, ದೇವ್ರು ನಿನ್ನ ಚರ್ಚಲ್ಲಿ ನಿಂತು ಪ್ರಸಂಗ ಮಾಡೋಕೆ ಕರೀತಿದಾನೆ ಕಣೇ. ಇನ್ನೆಷ್ಟು ದಿನ ಕಿವುಡಿ ಥರ ಇರ್ತೀಯ?"
"ಶನಿವಾರ ಪುರುಸೊತ್ತಿಲ್ಲ ಅಂತ ಹೇಳಿಬಿಡಿ ಅವನಿಗೆ."
ಪಾರ್ಲರ್ ತುಂಬ ನಗು. ನನಗೆ ಮಾತ್ರ ಬರಲಿಲ್ಲ. ಮೂರು ವರ್ಷದಿಂದ ಪ್ರಾರ್ಥನೆಗೆ ಕೂತರೆ ಇದೇ ಕಾಟ. ಬೇಡಪ್ಪಾ! ಎಜೆಲ್ ಮಾವನಿಗೆ ಏನು ಹೇಳಲಿ? ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ. ಸಾಕಿದ್ದು ಅಮ್ಮನ ಅಣ್ಣನಾದ ಇವರೇ. ನಮ್ಮ ಚರ್ಚಿನ ಸಭೆಯ ಹಿರಿಯ ಸೇವಕ, ಡೀಕನ್ ಬೇರೆ. ಹೆಂಗಸು ಪ್ರಸಂಗ ಮಾಡಿದರೆ ಹೇಂಟೆ ಕೂಗಿದ ಹಾಗೆ ಅನ್ನುವವರು. ಅವರನ್ನು ಕಳೆದುಕೊಳ್ಳಲಾರೆ.

ಮಾರ್ಚ್ 17, ಭಾನುವಾರ
ಸೋತೆ. ದೇವರ ಕರೆಯ ವಿಷಯ ನಮ್ಮ ಪಾಸ್ಟರ್ ಪೆಟ್ವೇ ಹತ್ತಿರ ಬಾಯಿಬಿಟ್ಟೆ. "ಅಂತೂ ಬಂದ್ಯಾಮ್ಮಾ?" ಎಂದರು, ಅಷ್ಟೇ. ಜೂನ್‌ನಲ್ಲಿ ಪರೀಕ್ಷೆಯ ಪ್ರಸಂಗ. ಸಭೆ ಮೆಚ್ಚಿದರೆ ಪ್ರಸಂಗ ಮಾಡಲು ಅನುಮತಿ ಪತ್ರ.

ಸಂಜೆ 5
ಮಾವನಿಗೆ ಹೇಳಿದೆ. ಒಲೆ ಮುಂದೆ ಮೀನು ಹುರಿಯುತ್ತಿದ್ದರು. ತಿರುಗಲಿಲ್ಲ.
"ನೀನು ಪೀಠ ಹತ್ತಿದ ದಿನ ನಾನು ಆ ಚರ್ಚಿನ ಬಾಗಿಲೊಳಗೆ ಕಾಲಿಡಲ್ಲ."
ಆದರೂ ದೊಡ್ಡ ತುಂಡನ್ನೇ ನನ್ನ ತಟ್ಟೆಗೆ ಹಾಕಿದರು. ಅಳುತ್ತಲೇ ತಿಂದೆ.

ಜೂನ್ 9, ಭಾನುವಾರ
ಎಂಥ ಸಂತೋಷ!
ಸಭೆ ಕಿಕ್ಕಿರಿದಿತ್ತು. ಮಾವನ ಜಾಗ ಖಾಲಿ. ಏಸಿ ಕೆಟ್ಟು ಕಿಟಕಿಗಳೆಲ್ಲ ತೆರೆದಿದ್ದವು. ನೋಡುತ್ತೇನೆ — ಮರದ ಕೆಳಗೆ ಅವರ ಪಿಕಪ್ ಗಾಡಿ, ಗಾಜು ಇಳಿಸಿದೆ.
ಪಾಸ್ಟರ್ ಹಾಗೆ ಗುಡುಗಲು ಹೋದೆ. ಮಾತೇ ನಿಂತಿತು. ನಮ್ಮಲ್ಲಿ ಪ್ರಸಂಗ ಮುಗ್ಗರಿಸಿದರೆ ಯಾರಾದರೂ ಕೂಗಿ ಪ್ರಾರ್ಥಿಸುತ್ತಾರೆ. ಕೂಗು ಬಂತು... ಹೊರಗಿನಿಂದ, ಮಾವನ ದನಿ!
"ಕರ್ತನೇ, ಅವಳಿಗೆ ಸಹಾಯ ಮಾಡಪ್ಪಾ!"
ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಆಮೇಲೆ ಗುಡುಗುವುದು ಬಿಟ್ಟು, ಬಾಚಣಿಗೆ ಹಿಡಿದು ಪಾರ್ಲರಿನಲ್ಲಿ ಮಾತಾಡುವ ಹಾಗೇ ಮಾತಾಡಿದೆ. "ಹೇಳಮ್ಮಾ, ಹೇಳು!" — ಮತ್ತೆ ಪಿಕಪ್ಪಿನಿಂದ. ಎರಡು ಸಲ ಹಾರ್ನ್ ಕೂಡ.
ಪತ್ರ ಸಿಕ್ಕಿತು.

ಆಗಸ್ಟ್ 20, ಮಂಗಳವಾರ
ಬರೆಯಲು ಪುರುಸೊತ್ತೆಲ್ಲಿ? ಬುಧವಾರ ಬೈಬಲ್ ಪಾಠ. ಆಸ್ಪತ್ರೆಯಲ್ಲಿ ರೋಗಿಗಳ ಭೇಟಿ. ಮಿಸ್ ಐಸೋಲಾ ಗಂಡ ತೀರಿಕೊಂಡಾಗ ಉಪದೇಶ ಸಿದ್ಧಮಾಡಿಕೊಂಡು ಹೋಗಿದ್ದೆ. ಒಂದು ಮಾತೂ ಬೇಕಾಗಲಿಲ್ಲ. ಕೂತು ಅವರ ತಲೆ ಬಾಚಿದೆ.
ನನ್ನ ಸರದಿಯ ಭಾನುವಾರಗಳಲ್ಲಿ ಮಾವ ಈಗಲೂ ಪಿಕಪ್ಪಿನಲ್ಲೇ.
"ಒಳಗೆ ಬನ್ನಿ ಮಾವ, ಬಿಸಿಲು."
"ಕೊಟ್ಟ ಮಾತು ಮಾತೇ ಕಣೇ. ನೀನು ಸ್ವಲ್ಪ ಗಟ್ಟಿಯಾಗಿ ಮಾತಾಡು."

ಅಕ್ಟೋಬರ್ 6, ಭಾನುವಾರ, ಮಧ್ಯಾಹ್ನ 2
ಇಂದು ಪ್ರಸಂಗ ನನ್ನದು, ಯೇಸುವಿನ ನೆನಪಿಗೆ ರೊಟ್ಟಿ ಹಂಚಿ ತಿನ್ನುವ ಕರ್ತನ ಭೋಜನವೂ ಇತ್ತು. ಪಾಸ್ಟರ್ ಆಶೀರ್ವದಿಸಿದರು, ರೊಟ್ಟಿಯ ತಟ್ಟೆ ಸಾಲು ಸಾಲಾಗಿ ಸಾಗಿತು. ನಲವತ್ತು ವರ್ಷ ಆ ತಟ್ಟೆ ಹಂಚಿದ ಮಾವ ಹೊರಗೆ ಕೂತಿದ್ದಾರೆ. ತಡೆಯಲಾಗಲಿಲ್ಲ. ತಟ್ಟೆ ಎತ್ತಿಕೊಂಡು ನಡೆದೆ. ಹೆಂಗಸಿನ ಕೈಯಿಂದ ತೆಗೆದುಕೊಳ್ಳದೆ ಗಾಜು ಏರಿಸಿದರೆ?
"ನೀನ್ಯಾಕೆ ಬಂದೆ? ಪೆಟ್ವೇ ಕಳಿಸಿದ್ನಾ?"
"ಇಲ್ಲ ಮಾವ. ನಾನೇ ಬಂದೆ. ನಿಮ್ಮನ್ನು ಬಿಟ್ಟು ನಾವು ಉಣ್ಣಲ್ಲ."
ಟೋಪಿ ತೆಗೆದು ಸೀಟಿನ ಮೇಲಿಟ್ಟರು. ರೊಟ್ಟಿಗೆ ಎರಡೂ ಕೈ ಚಾಚಿದರು. ಪಿಕಪ್ಪಿನಿಂದ ಇಳಿಯಲಿಲ್ಲ — ಹಟಮಾರಿ! ನಾನು ಅಲ್ಲೇ ನಿಂತು ಅತ್ತೆ, ಅವರೂ ಅತ್ತರು.
ಈಗ ಅಡುಗೆಮನೆಯಿಂದ ಕೂಗುತ್ತಿದ್ದಾರೆ.
"ಪಾಸ್ಟರಮ್ಮಾ, ಊಟ ಆರ್ತಿದೆ!"
ಪಾಸ್ಟರಮ್ಮ! ಮಾವನ ಬಾಯಲ್ಲಿ! ಇರಿ ಮಾವ, ಬಂ—